ಸ್ಟ್ಯಾಂಪೇ ಇಲ್ಲದ ಹಳೇ ಅಮೆರಿಕನ್ ಕಾಗದ, ‘ಬ್ಲೂಮಿಂಗ್ಟನ್ ಐ.ಟಿ.’ ಅಂತ ಬರೆದಿದೆ. 450 ಡಾಲರ್ ಕೊಡಬಹುದಾ?

ಓಹಾಯೋ_ರಂಗ
ಎಲ್ರಿಗೂ ನಮಸ್ಕಾರ. ನಾನಿರೋದು ಕೊಲಂಬಸ್‌ನಲ್ಲಿ. ಇಲ್ಲಿನ ಸ್ಟ್ಯಾಂಪ್ ಮೇಳದಲ್ಲಿ ಒಬ್ಬ ವ್ಯಾಪಾರಿ ಹತ್ರ ಒಂದು ಹಳೇ ಕಾಗದ ನೋಡ್ದೆ. ಲಕೋಟೆ ಇಲ್ಲ, ಒಂದೇ ಹಾಳೆ ಮಡಚಿ ಹೊರಗಡೆನೇ ವಿಳಾಸ ಬರೆದಿದ್ದಾರೆ. ಪೆನ್ಸಿಲ್ವೇನಿಯಾದ ವೆಸ್ಟ್ ಚೆಸ್ಟರ್‌ನಲ್ಲಿರೋ ಒಬ್ಬ ಹೆಣ್ಣುಮಗಳಿಗೆ ಹೋಗಿದೆ. ಎಡಗಡೆ ಮೇಲೆ ಕೈಬರಹದಲ್ಲಿ ‘ಬ್ಲೂಮಿಂಗ್ಟನ್ ಐ.ಟಿ., ಮಾರ್ಚ್ 14’, ಬಲಗಡೆ ದೊಡ್ಡದಾಗಿ ‘25’. ವರ್ಷ ಎಲ್ಲೂ ಇಲ್ಲ. ಒಳಗಡೆ ಶುರುವಿನಲ್ಲಿ ‘ಶುಕ್ರವಾರ, ಮಾರ್ಚ್ 12’ ಅಂತಿದೆ. ಕಾಗದದ ಬಣ್ಣ ತೆಳು ನೀಲಿ.

ವ್ಯಾಪಾರಿ ಹಿಂದ್ಗಡೆ ಪೆನ್ಸಿಲ್‌ನಲ್ಲಿ ‘ಇಂಡಿಯಾನಾ ಟೆರಿಟರಿ, 1813’ ಅಂತ ಬರೆದು (ಟೆರಿಟರಿ ಅಂದ್ರೆ ಇನ್ನೂ ರಾಜ್ಯ ಆಗದ ಪ್ರದೇಶ) 450 ಡಾಲರ್ ಹೇಳ್ತಿದ್ದಾನೆ. ಒಳಗೆ ಜನರಲ್ ಹ್ಯಾರಿಸನ್ ಹೆಸರಿದೆ, ಅವನು ಇಂಡಿಯಾನಾ ಟೆರಿಟರಿ ಗವರ್ನರ್ ಆಗಿದ್ದವನು, ಅದಕ್ಕೇ ಇಷ್ಟು ಬೆಲೆ ಅಂತೆ. ಭಾನುವಾರದವರೆಗೆ ಎತ್ತಿಟ್ಟಿರ್ತೀನಿ ಅಂದಿದ್ದಾನೆ. ಬಲ್ಲವರು ಹೇಳಿ, ತಗೊಳ್ಳಲಾ?

ಜಯನಗರ_ಗುರು
1813ರಲ್ಲೇ ಐ.ಟಿ. ಇತ್ತಾ? ನಮ್ಮ ಬೆಂಗಳೂರಿಗಿಂತ ಮುಂಚೆ!

ಸೇಲಂ_ಶಾನಭಾಗ
ರಂಗ ಅವರೇ, ತಡೀರಿ, ಪರ್ಸ್ ತೆಗೀಬೇಡಿ. (ನಮ್ಮದು ತಮಿಳುನಾಡಿನ ಸೇಲಂ ಅಲ್ಲ, ಮ್ಯಾಸಚೂಸೆಟ್ಸ್‌ದು. ಪ್ರತಿ ಸಲ ಯಾರಾದ್ರೂ ಕೇಳ್ತಾರೆ, ಅದಕ್ಕೆ ಮೊದಲೇ ಹೇಳ್ಬಿಡ್ತೀನಿ.)

ಅಮೆರಿಕದ ಹಳೇ ಅಂಚೆಯಲ್ಲಿ ಐ.ಟಿ. ಅಂದ್ರೆ ಒಂದೇ ಅಲ್ಲ. ಇಂಡಿಯಾನಾ ಟೆರಿಟರಿ 1800ರಿಂದ 1816. ಇಲಿನಾಯ್ ಟೆರಿಟರಿ 1809ರಿಂದ 1818. ಅಯೋವಾ ಟೆರಿಟರಿ 1838ರಿಂದ 1846. ಆಮೇಲೆ ಇಂಡಿಯನ್ ಟೆರಿಟರಿ, ಅಂದ್ರೆ ಈಗಿನ ಓಕ್ಲಹೋಮಾ ಕಡೆ. ಅಲ್ಲಿಯ ಅಂಚೆ ಹೆಚ್ಚಾಗಿ ಸ್ಟ್ಯಾಂಪ್ ಬಂದ್ಮೇಲಿನ ಕಥೆ, ಬಿಡಿ.

ಈಗ ಊರು ನೋಡಿ. ಇಂಡಿಯಾನಾದ ಬ್ಲೂಮಿಂಗ್ಟನ್ ಹುಟ್ಟಿದ್ದೇ 1818ರಲ್ಲಿ. ಅಷ್ಟೊತ್ತಿಗೆ ಇಂಡಿಯಾನಾ ರಾಜ್ಯ ಆಗಿ ಎರಡು ವರ್ಷ. ಇಲಿನಾಯ್‌ನ ಬ್ಲೂಮಿಂಗ್ಟನ್ 1831ರದ್ದು, ಅದೂ ರಾಜ್ಯ ಆದ್ಮೇಲೆ. 1813ರಲ್ಲಿ ಆ ಜಾಗದಲ್ಲಿ ಬ್ಲೂಮಿಂಗ್ಟನ್ ಅನ್ನೋ ಊರೇ ಇರ್ಲಿಲ್ಲ, ಅಲ್ಲಿಂದ ಕಾಗದ ಹೇಗೆ ಬರುತ್ತೆ? ಉಳಿದಿದ್ದು ಅಯೋವಾ ಒಂದೇ.

ಪಿನ್‌ಕೋಡ್_560004
ಶಾನಭಾಗರ ಮಾತು ಸರಿ. ಇನ್ನೊಂದು ಸಾಕ್ಷಿ: ಬಲಗಡೆಯ ‘25’ ಅಂದ್ರೆ ಅಂಚೆ ದರ, 25 ಸೆಂಟು. ಆ ದರ ಬಂದಿದ್ದು 1816ರಲ್ಲಿ. 30 ಮೈಲಿವರೆಗೆ 6, 80ರವರೆಗೆ 10, 150ರವರೆಗೆ 12½, 400ರವರೆಗೆ 18½, ಅದರ ಮೇಲೆ 25. ಹಾಗಾಗಿ 1813 ಅನ್ನೋದು ಸುಳ್ಳು. ಕೇಸ್ ಕ್ಲೋಸ್.

ಸೇಲಂ_ಶಾನಭಾಗ
ಕ್ಲೋಸ್ ಆಗ್ಲಿಲ್ಲ ಸ್ವಾಮಿ. 1799ರ ಪಟ್ಟಿಯಲ್ಲೂ 25 ಇತ್ತು, 500 ಮೈಲಿ ದಾಟಿದ್ರೆ. 1816ರಲ್ಲಿ ಅದನ್ನ 400 ಮೈಲಿಗೆ ಇಳಿಸಿದ್ರು ಅಷ್ಟೇ. ಇಂಡಿಯಾನಾದಿಂದ ವೆಸ್ಟ್ ಚೆಸ್ಟರ್ ಇರೋ ಫಿಲಡೆಲ್ಫಿಯಾ ಕಡೆಗೆ 1813ರಲ್ಲೂ 25 ಸೆಂಟೇ ಬೀಳೋದು. ಆದ್ರೆ ಆ 25 ಇನ್ನೊಂದು ಕಡೆ ಗಡಿ ಹಾಕುತ್ತೆ. 1845ರ ಜುಲೈ 1ರಿಂದ ದರ ಪೂರ್ತಿ ಬದಲಾಯ್ತು, ಅರ್ಧ ಔನ್ಸಿಗೆ 300 ಮೈಲಿವರೆಗೆ 5 ಸೆಂಟು, ಅದರಾಚೆ 10. ಅಯೋವಾ ಟೆರಿಟರಿ ಶುರುವಾಗಿದ್ದು 1838ರ ಜುಲೈ 4. ಹಾಗಾಗಿ ಈ ಮಾರ್ಚ್ 14 ಅನ್ನೋದು 1839ರಿಂದ 1845ರ ಒಳಗಿನ ಯಾವುದೋ ಒಂದು ಮಾರ್ಚ್ 14.

ಕ್ಯಾಲೆಂಡರ್_ಕಮಲಮ್ಮ
ಮಾರ್ಚ್ 12 ಶುಕ್ರವಾರ ಅಂದ್ರಲ್ಲ? ಆ ಏಳು ವರ್ಷದಲ್ಲಿ ಮಾರ್ಚ್ 12 ಶುಕ್ರವಾರ ಬೀಳೋದು 1841ರಲ್ಲಿ ಮಾತ್ರ.

ವಾದಿ_ಪ್ರತಿವಾದಿ
ಕಮಲಮ್ಮನವರೇ, 1813ರಲ್ಲೂ ಮಾರ್ಚ್ 12 ಶುಕ್ರವಾರವೇ. 28 ವರ್ಷಕ್ಕೆ ಕ್ಯಾಲೆಂಡರ್ ಮತ್ತೆ ಹಾಗೇ ಬರುತ್ತೆ. ವ್ಯಾಪಾರಿ ಸುಮ್ನೆ ಹೇಳಿಲ್ಲ, ಲೆಕ್ಕ ಹಾಕೇ ಹೇಳಿದ್ದಾನೆ. ಹ್ಯಾರಿಸನ್ 1813ರಲ್ಲಿ ಸೇನೆ ನಡೆಸ್ತಿದ್ದ ಜನರಲ್ ಬೇರೆ. ಎಲ್ಲಾ ತಾಳೆ ಆಗುತ್ತಲ್ಲ?

ಕ್ಯಾಲೆಂಡರ್_ಕಮಲಮ್ಮ
ಊರೇ ಇಲ್ಲದಿದ್ರೆ ಶುಕ್ರವಾರ ಇಟ್ಕೊಂಡು ಏನ್ ಮಾಡ್ತೀರಿ?

ಓಹಾಯೋ_ರಂಗ
ಅಬ್ಬಾ! ವ್ಯಾಪಾರಿಗೆ ಮೆಸೇಜ್ ಮಾಡಿ ಒಳಗಿನ ಪುಟದ ಫೋಟೋ ತರಿಸ್ದೆ. ಅಕ್ಷರ ಬಹಳ ಕಷ್ಟ. ಒಂದು ಸಲ ಅಡ್ಡಕ್ಕೆ ಬರೆದು, ಹಾಳೆ ತಿರುಗಿಸಿ ಅದರ ಮೇಲೇ ಇನ್ನೊಂದು ಸಲ ಉದ್ದಕ್ಕೆ ಬರೆದಿದ್ದಾರೆ, ಬಲೆ ಥರ ಕಾಣುತ್ತೆ. ಅರ್ಧ ಗಂಟೆ ಕಣ್ಣು ಕಿರಿದು ಮಾಡ್ಕೊಂಡು ಕೂತು ಇಷ್ಟು ಬಿಡಿಸ್ದೆ: ನದಿಯಲ್ಲಿ ಇನ್ನೂ ಐಸ್ ಇದೆ, ಸ್ಟೀಮ್‌ಬೋಟ್ ಬಂದಿಲ್ಲ, ಜೋಳದ ಹಿಟ್ಟು ಮುಗೀತಾ ಬಂತು, ‘ಜನರಲ್ ಹ್ಯಾರಿಸನ್ ಇಷ್ಟೊತ್ತಿಗೆ ಪ್ರೆಸಿಡೆಂಟರ ಮನೆ ಸೇರಿರಬೇಕು, ನಿಮ್ಮ ಅಣ್ಣನಿಗೆ ಸಮಾಧಾನ ಆಗಿರಬೇಕು’.

ಸೇಲಂ_ಶಾನಭಾಗ
ಮುಗೀತು. 1841. ವಿಲಿಯಂ ಹೆನ್ರಿ ಹ್ಯಾರಿಸನ್ ಪ್ರಮಾಣವಚನ ತಗೊಂಡಿದ್ದು ಆ ವರ್ಷ ಮಾರ್ಚ್ 4ಕ್ಕೆ. ತೀರಿಕೊಂಡಿದ್ದು ಏಪ್ರಿಲ್ 4ಕ್ಕೆ. ವ್ಯಾಪಾರಿ ‘ಜನರಲ್ ಹ್ಯಾರಿಸನ್’ ಅನ್ನೋದು ಓದಿದ, ಮುಂದಿನ ಸಾಲು ಓದ್ಲಿಲ್ಲ. ಹ್ಯಾರಿಸನ್ ಇಂಡಿಯಾನಾ ಗವರ್ನರ್ ಆಗಿದ್ದೇನೋ ನಿಜ, ಆದ್ರೆ 1812ಕ್ಕೇ ಆ ಹುದ್ದೆ ಬಿಟ್ಟಿದ್ದ.

ಸ್ಟೀಮ್‌ಬೋಟ್ ಸಾಲೊಂದೇ ಸಾಕಿತ್ತು ನಿಜ ಹೇಳ್ಬೇಕು ಅಂದ್ರೆ. 1813ರ ಮಾರ್ಚ್‌ನಲ್ಲಿ ಇಂಡಿಯಾನಾ ಕಾಡಲ್ಲಿ ಕೂತು ಯಾರೂ ಸ್ಟೀಮ್‌ಬೋಟ್ ಇನ್ನೂ ಬಂದಿಲ್ಲ ಅಂತ ಗೊಣಗ್ತಿರಲಿಲ್ಲ.

ಜಯನಗರ_ಗುರು
ಹಾಗಾದ್ರೆ ವ್ಯಾಪಾರಿ ಟೋಪಿ ಹಾಕಕ್ಕೆ ನೋಡಿದ್ನಾ?

ಪಿನ್‌ಕೋಡ್_560004
ಟೋಪಿ ಅಲ್ಲ, ಅಸಡ್ಡೆ. ನೂರಾರು ಕವರ್ (ಅಂಚೆಯಲ್ಲಿ ಹೋದ ಇಂಥ ಕಾಗದಕ್ಕೆ ಸಂಗ್ರಹಕಾರರು ಹೇಳೋ ಹೆಸರು) ಒಟ್ಟಿಗೆ ಕೊಳ್ತಾರೆ, ಪ್ರತಿಯೊಂದನ್ನೂ ಓದ್ತಾ ಕೂರಲ್ಲ. ಇದೇ ಅಸಡ್ಡೆ ಎಷ್ಟೋ ಸಲ ನಮಗೇ ಲಾಭ. 5 ಡಾಲರ್ ಡಬ್ಬದಲ್ಲಿ ಒಳ್ಳೊಳ್ಳೆ ಟೆರಿಟರಿ ಕವರ್ ಬಿದ್ದಿರುತ್ತೆ.

ಅಯೋವಾ_ಅತ್ತಿಗೆ
ಈಗ ನಾನು ಬರ್ಲೇಬೇಕು! ಆ ಬ್ಲೂಮಿಂಗ್ಟನ್ ನಮ್ಮ ಮನೆಯಿಂದ ಕಾರಲ್ಲಿ ಒಂದು ಗಂಟೆ ದೂರ. ಈಗ ಅದರ ಹೆಸರು ಮಸ್ಕಟೀನ್, ಮಿಸಿಸಿಪಿ ದಡದಲ್ಲಿದೆ. 1849ರಲ್ಲಿ ಹೆಸರು ಬದಲಾಯಿಸಿದ್ರು. ಯಾಕೆ ಗೊತ್ತಾ? ಸುತ್ತಮುತ್ತ ರಾಜ್ಯಗಳಲ್ಲೆಲ್ಲ ಬ್ಲೂಮಿಂಗ್ಟನ್‌ಗಳು, ಇಲ್ಲಿಗೆ ಬರಬೇಕಾದ ಅಂಚೆ ಅಲ್ಲಿಗೆ, ಅಲ್ಲಿಯದು ಇಲ್ಲಿಗೆ. ನಿಮ್ಮ ವ್ಯಾಪಾರಿ ಮಾಡಿದ ಗೊಂದಲವನ್ನೇ ಆಗಿನ ಅಂಚೆಯವರೂ ಮಾಡ್ತಿದ್ರು, ಊರಿನವರು ಬೇಸತ್ತು ಹೆಸರೇ ಬಿಟ್ಟುಬಿಟ್ರು.

ಇನ್ನೊಂದು ವಿಷಯ, ಷಿ ಜಿನ್‌ಪಿಂಗ್ 1985ರಲ್ಲಿ ಚಿಕ್ಕ ಅಧಿಕಾರಿ ಆಗಿದ್ದಾಗ ಇದೇ ಊರಿಗೆ ಬಂದಿದ್ರು, ಒಬ್ಬರ ಮನೆಯಲ್ಲಿ ಉಳಿದುಕೊಂಡಿದ್ರು. 2012ರಲ್ಲಿ ಮತ್ತೆ ಬಂದು ಹಳೇ ಪರಿಚಯದವರನ್ನ ನೋಡಿಕೊಂಡು ಹೋದ್ರು.

ವಾದಿ_ಪ್ರತಿವಾದಿ
ಅಂಚೆಯಿಂದ ಚೀನಾಕ್ಕೆ ಹೋದ್ವಿ. ಭೇಷ್.

ಧಾರವಾಡ_ದೇಸಾಯಿ
ನನಗ ಒಂದು ತಿಳೀವಲ್ದು. ಆ 12½, 18½ ಅನ್ನೂ ಲೆಕ್ಕ ಏನ್ರೀ ಅದು? ಅರ್ಧ ಸೆಂಟು ಯಾರ ಕಿಸೇದಾಗ ಇರ್ತಿತ್ತು?

ಸೇಲಂ_ಶಾನಭಾಗ
ದೇಸಾಯರೇ, ಆಗ ಅಮೆರಿಕದಲ್ಲಿ ಓಡಾಡ್ತಿದ್ದ ಬೆಳ್ಳಿ ನಾಣ್ಯದಲ್ಲಿ ಹೆಚ್ಚಿನವು ಸ್ಪ್ಯಾನಿಷ್. ಒಂದು ಸ್ಪ್ಯಾನಿಷ್ ಡಾಲರ್‌ಗೆ ಎಂಟು ರಿಯಾಲ್. ಹಾಗಾಗಿ ಒಂದು ರಿಯಾಲ್ 12½ ಸೆಂಟು, ಒಂದೂವರೆ ರಿಯಾಲ್ 18¾, ಅರ್ಧ ರಿಯಾಲ್ 6¼. 1816ರ ಕಾಯ್ದೆಯಲ್ಲಿ ಮೊದಲು 18½ ಅಂತಿತ್ತು, ಚಿಲ್ಲರೆ ಹೊಂದಲಿ ಅಂತ 1825ರಲ್ಲಿ 18¾ ಮಾಡಿದ್ರು.

ಧಾರವಾಡ_ದೇಸಾಯಿ
ಹಂಗಾದ್ರ ಇದು ನಮ್ಮ ಆಣೆ ಲೆಕ್ಕನ ಐತಲ್ರೀ! ರೂಪಾಯಿಗೆ 16 ಆಣೆ. 6¼ ಅಂದ್ರ ಒಂದಾಣೆ, 12½ ಎರಡಾಣೆ, 18¾ ಮೂರಾಣೆ, 25 ನಾಕಾಣೆ. ನಮ್ಮಜ್ಜ ಇದ್ದಿದ್ರ ಈ ಕವರ್ ದರ ನೋಡಿ ಬಾಯಾಗ ಲೆಕ್ಕಾ ಹೇಳ್ತಿದ್ದ.

ಪಿನ್‌ಕೋಡ್_560004
ಅಮೆರಿಕದಲ್ಲಿ ಸ್ಪ್ಯಾನಿಷ್ ನಾಣ್ಯದ ಮಾನ್ಯತೆ ತೆಗೆದಿದ್ದು 1857ರಲ್ಲಿ. ನಮ್ಮಲ್ಲಿ ಆಣೆ ಹೋಗಿ ನಯಾಪೈಸೆ ಬಂದಿದ್ದು 1957ರಲ್ಲಿ. ಸರಿಯಾಗಿ ನೂರು ವರ್ಷ.

ಮಂಗಳೂರು_ಮೋಂಟಿ
ನಾಕಾಣೆ ಅಂತ ಹಗುರವಾಗಿ ಹೇಳ್ಬೇಡಿ ಮಾರಾಯ್ರೆ. ಆ ಕಾಲದಲ್ಲಿ ಸರ್ಕಾರಿ ಜಮೀನು ಎಕರೆಗೆ ಕನಿಷ್ಠ ಒಂದೂಕಾಲು ಡಾಲರ್. ಐದು ಕಾಗದದ ಅಂಚೆ ದುಡ್ಡಲ್ಲಿ ಅಯೋವಾದಲ್ಲಿ ಒಂದು ಎಕರೆ ಬರ್ತಿತ್ತು! ಅದೂ ಒಂದು ಹಾಳೆಗೆ 25. ಎರಡು ಹಾಳೆ ಇಟ್ರೆ 50. ಲಕೋಟೆಯನ್ನೂ ಒಂದು ಹಾಳೆ ಅಂತ ಲೆಕ್ಕ ಹಿಡೀತಿದ್ರು, ಹಾಗಾಗಿ ಯಾರೂ ಲಕೋಟೆ ಹಾಕ್ತಿರಲಿಲ್ಲ. ರಂಗಣ್ಣ ನೋಡಿದ ಬಲೆ ಥರ ಬರವಣಿಗೆ ಯಾಕೆ ಅಂತ ಈಗ ಗೊತ್ತಾಯ್ತಲ್ಲ.

ಜಯನಗರ_ಗುರು
ಅಷ್ಟು ದುಡ್ಡು ಕೊಟ್ಟು ಯಾರ್ ಗುರು ಕಾಗದ ಬರೀತಿದ್ರು?

ಮಂಗಳೂರು_ಮೋಂಟಿ
ಬರೆಯುವವನು ಕೊಡಬೇಕು ಅಂತ ಯಾರು ಹೇಳಿದ್ದು? ಹೆಚ್ಚಿನ ಕಾಗದ ನಮ್ಮ ಬೇರಿಂಗ್ ಕಾಗದದ ಹಾಗೆ, ಪಡೆಯುವವರೇ ಕೊಡೋದು. ಮುಂಚೆಯೇ ಕೊಟ್ಟಿದ್ರೆ ‘ಪೇಯ್ಡ್’ ಅಂತ ಠಸ್ಸೆ ಬೀಳ್ತಿತ್ತು, ಇಲ್ಲ ಕೈಯಲ್ಲಿ ಬರೀತಿದ್ರು. ರಂಗಣ್ಣನ ಕವರ್ ಮೇಲೆ ‘ಪೇಯ್ಡ್’ ಇಲ್ಲ, ಅಂದ್ರೆ ವೆಸ್ಟ್ ಚೆಸ್ಟರ್‌ನ ಆ ಹೆಣ್ಣುಮಗಳೇ 25 ಸೆಂಟು ಎಣಿಸಿ ಬಿಡಿಸಿಕೊಂಡದ್ದು. ಮುಂಗಡ ಕೊಡಲೇಬೇಕು ಅಂತ ಕಡ್ಡಾಯ ಮಾಡಿದ್ದು 1855ರಲ್ಲಿ, ಸ್ಟ್ಯಾಂಪ್ ಹಚ್ಚಲೇಬೇಕು ಅಂದದ್ದು 1856ರಿಂದ. ಸರ್ಕಾರದ ಮೊದಲ ಸ್ಟ್ಯಾಂಪ್ 1847ಕ್ಕೆ ಬಂದಿದ್ರೂ, ಫ್ರಾಂಕ್ಲಿನ್ 5 ಸೆಂಟು, ವಾಷಿಂಗ್ಟನ್ 10 ಸೆಂಟು, ಎಷ್ಟೋ ವರ್ಷ ಜನ ಹಚ್ಚದೇ ಕಳಿಸ್ತಿದ್ರು.

ಸ್ಟ್ಯಾಂಪ್_ಶೆಟ್ಟಿ
ನಾನು ಒಂದು ಮಾತು ಹೇಳ್ತೇನೆ, ಬೈಬೇಡಿ. ಸ್ಟ್ಯಾಂಪೂ ಇಲ್ಲ, ಠಸ್ಸೆಯೂ ಇಲ್ಲ, ಕೈಬರಹದ ಊರ ಹೆಸರು. ಇದಕ್ಕೆ 450 ಬಿಡಿ, 45 ಯಾಕೆ ಕೊಡ್ಬೇಕು? ಶಾಯಿ ಪೆನ್ನು ಇದ್ದವ ಯಾರೂ ಬರೀಬಹುದು.

ಸೇಲಂ_ಶಾನಭಾಗ
ಶೆಟ್ರೇ, ಅರ್ಧ ಒಪ್ತೀನಿ. ಕೈಬರಹದ ಮುದ್ರೆ (ಅಂಚೆಯವರು ಕೈಯಲ್ಲೇ ಬರೆದ ಊರು, ತಾರೀಖು) ನಕಲು ಮಾಡೋದು ಸುಲಭ, ಅದಕ್ಕೇ ಠಸ್ಸೆ ಬಿದ್ದ ಕವರ್‌ಗೆ ಯಾವತ್ತೂ ಬೆಲೆ ಹೆಚ್ಚು. ಅಮೆರಿಕದ ಮೊದಲ ಠಸ್ಸೆ 1756ರ ನ್ಯೂಯಾರ್ಕ್‌ದು, ಒಂದೇ ಗೆರೆಯಲ್ಲಿ ಊರಿನ ಹೆಸರು. ಅಂಥದ್ದು ಸಿಕ್ಕಿದ್ರೆ ಮಾತೇ ಬೇರೆ. ಆದ್ರೆ ಕಾಡಂಚಿನ ಸಣ್ಣ ಆಫೀಸುಗಳಲ್ಲಿ ಪೋಸ್ಟ್‌ಮಾಸ್ಟರ್ ಅಂದ್ರೆ ಅಂಗಡಿಯವನೇ. ಮೊಳೆ, ಉಪ್ಪು ಮಾರೋ ಕಟ್ಟೆ ಮೇಲೇ ಅಂಚೆ. ಠಸ್ಸೆ ಬೇಕಿದ್ರೆ ಅವನೇ ದುಡ್ಡು ಹಾಕಿ ಮಾಡಿಸ್ಕೋಬೇಕಿತ್ತು. ಹಾಗಾಗಿ ಟೆರಿಟರಿ ಕವರ್‌ಗಳಲ್ಲಿ ಕೈಬರಹಕ್ಕೆ ತನ್ನದೇ ಬೆಲೆ ಇದೆ.

ನಕಲಿ ಹಿಡಿಯೋದು ಹೇಗೆ ಅಂದ್ರೆ, ಮೊದಲು ಭೂತಗನ್ನಡಿ ಹಿಡೀರಿ. ಆಗಿನ ಶಾಯಿ ಕಬ್ಬಿಣದ್ದು, ಬರೆದಾಗ ಕಪ್ಪು, ಕಾಲ ಹೋದ ಹಾಗೆ ಕಂದು, ಕಾಗದದೊಳಗೆ ಇಳಿದಿರುತ್ತೆ. ಒತ್ತಿ ಬರೆದ ಕಡೆ ಹಿಂದೆಯೂ ನೆರಳು ಕಾಣುತ್ತೆ. ವಿಳಾಸದ ಶಾಯಿಗೂ ಮುದ್ರೆಯ ಶಾಯಿಗೂ ಸ್ವಲ್ಪ ವ್ಯತ್ಯಾಸ ಇರಬೇಕು, ಯಾಕಂದ್ರೆ ಒಂದನ್ನ ಬರೆದದ್ದು ಮನೆಯಲ್ಲಿ, ಇನ್ನೊಂದನ್ನ ಅಂಚೆ ಕಟ್ಟೆಯಲ್ಲಿ. ಮಡಿಕೆ ಗೆರೆ ಮೇಲೆ ಅಕ್ಷರ ಹಾದುಹೋಗಿದ್ರೆ ಅಲ್ಲೇ ನೋಡಿ. ಮಡಿಕೆ ಹಳೇದಾಗಿ ಸವೆದ ಮೇಲೆ ಬರೆದಿದ್ರೆ ಆ ಗೆರೆಯಲ್ಲಿ ಶಾಯಿ ಹರಡಿ ಮೀಸೆ ಬಿಟ್ಟಿರುತ್ತೆ. ಆಮೇಲೆ ಕತ್ತಲಲ್ಲಿ ಯು.ವಿ. ಟಾರ್ಚ್. ಆ ಕಾಲದ್ದು ಚಿಂದಿ ಬಟ್ಟೆಯಿಂದ ಮಾಡಿದ ಕಾಗದ, ಮಂಕಾಗಿ ಕಾಣಬೇಕು. ಫಳಫಳ ನೀಲಿ ಬಿಳಿ ಹೊಳೆದರೆ ಅದು ಎರಡನೇ ಮಹಾಯುದ್ಧ ಆದ್ಮೇಲಿನ ಕಾಗದ, ಕೈ ಮುಗಿದು ಬನ್ನಿ.

ಪಿನ್‌ಕೋಡ್_560004
ತೆಳು ನೀಲಿ ಕಾಗದ ಅಂದ್ರಲ್ಲ ರಂಗ, ಅದೂ 1840ರ ದಶಕಕ್ಕೆ ಸರಿ ಹೊಂದುತ್ತೆ. ಆಗ ನೀಲಿ ಕಾಗದದ ಖಯಾಲಿ ಜೋರು. ಎಡ ಮೂಲೆಯಲ್ಲಿ ಶಾಯಿ ಇಲ್ಲದೆ ಒತ್ತಿದ ಸಣ್ಣ ಚಿತ್ರ ಇದೆಯಾ, ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಕಾಗದದ ಗಿರಣಿಯವರ ಗುರುತು ಅದು.

ಓಹಾಯೋ_ರಂಗ
ಇದೆ ಸಾರ್! ಫೋಟೋದಲ್ಲೇ ಕಾಣ್ತಿದೆ. ಹಡಗೋ ಕಟ್ಟಡವೋ ಗೊತ್ತಾಗ್ತಿಲ್ಲ. ಕಲೆ ಅಂದ್ಕೊಂಡಿದ್ದೆ.

ನಿಷ್ಠುರ_ನಿರ್ಮಲ
ಎಲ್ಲ ಸರಿ, ನನ್ನದೊಂದು ತಕರಾರು. ಯಾರೋ ಹೆಣ್ಣುಮಗಳಿಗೆ ಬಂದ ಖಾಸಗಿ ಕಾಗದ. ನೀವೆಲ್ಲ ಕೂತು ಅಣ್ಣನ ಸಮಾಧಾನ, ಹಿಟ್ಟಿನ ಡಬ್ಬ ಎಲ್ಲಾ ಓದ್ತಿದ್ದೀರಿ. ಮುದ್ರೆ ಸಂಗ್ರಹ ಮಾಡೋರಿಗೆ ಒಳಗಿನದು ಯಾಕೆ?

ಕ್ಯಾಲೆಂಡರ್_ಕಮಲಮ್ಮ
ಒಳಗಿನದು ಓದದೇ ಹೋಗಿದ್ರೆ 1813 ಅಂತಲೇ ಉಳೀತಿತ್ತು ನಿರ್ಮಲ. ಆ ಕಾಲದ ಮುದ್ರೆಯಲ್ಲಿ ತಿಂಗಳು, ದಿನ ಮಾತ್ರ ಇರೋದು, ವರ್ಷ ಇರೋದೇ ಅಪರೂಪ. ಕಾಗದ ಕಿತ್ತು ಬಿಸಾಕಿ ವಿಳಾಸದ ಭಾಗ ಮಾತ್ರ ಇಟ್ಟುಕೊಂಡ ಸಂಗ್ರಹಕಾರರಿಂದಲೇ ಎಷ್ಟೋ ಕವರ್‌ಗಳ ವರ್ಷ ಗೊತ್ತಾಗದೇ ಹೋಗಿದೆ.

ಸೇಲಂ_ಶಾನಭಾಗ
ನಿರ್ಮಲ ಅವರ ಮಾತಿಗೆ ಒಂದು ಉದಾಹರಣೆ ಕೊಡ್ತೀನಿ, ಯಾವ ಕಡೆಗೆ ಬೇಕಾದ್ರೂ ವಾದ ಮಾಡಿ. 1847ರಲ್ಲಿ ವರ್ಜೀನಿಯಾದ ಅಲೆಕ್ಸಾಂಡ್ರಿಯಾದಿಂದ ಒಬ್ಬ ಹುಡುಗ ತನ್ನ ಪ್ರೇಯಸಿಗೆ ಕಾಗದ ಬರೆದ. ಮನೆಯವರಿಗೆ ಗೊತ್ತಾಗಬಾರದು, ಅದಕ್ಕೆ ಕೊನೆಯಲ್ಲಿ ಎಂದಿನಂತೆ ಸುಟ್ಟುಬಿಡು ಅಂತ ಬರೆದಿದ್ದ. ಅವಳು ಸುಡಲಿಲ್ಲ. ಅದರ ಮೇಲಿದ್ದದ್ದು ಅಲ್ಲಿನ ಪೋಸ್ಟ್‌ಮಾಸ್ಟರ್ ಸ್ವಂತ ಅಚ್ಚು ಹಾಕಿಸಿದ 5 ಸೆಂಟಿನ ದುಂಡನೆಯ ಸ್ಟ್ಯಾಂಪ್, ನೀಲಿ ಕಾಗದದ ಮೇಲೆ. ನೀಲಿಯಲ್ಲಿ ಉಳಿದಿರೋದು ಅದೊಂದೇ. ‘ಬ್ಲೂ ಬಾಯ್’ ಅಂತ ಕರೀತಾರೆ, 1981ರಲ್ಲಿ ಹತ್ತು ಲಕ್ಷ ಡಾಲರ್‌ಗೆ ಹೋಯ್ತು. ಕೊನೆಗೆ ಅವರಿಬ್ಬರಿಗೂ ಮದುವೆ ಆಯ್ತು, ಚಿಂತೆ ಬೇಡ.

ನಿಷ್ಠುರ_ನಿರ್ಮಲ
ಸುಡು ಅಂದದ್ದನ್ನ ಹರಾಜು ಹಾಕಿದ್ರಲ್ಲ, ಅದೇ ನಾನು ಹೇಳಿದ್ದು.

ಸ್ಟ್ಯಾಂಪ್_ಶೆಟ್ಟಿ
ಹುಡುಗಿಗೆ ಬುದ್ಧಿ ಇತ್ತು ಅಂತ ನಾನು ಹೇಳ್ತೇನೆ.

ಮಲ್ನಾಡ್_ಮಾಣಿ
ಅಮೆರಿಕದ ಹಳೇ ಅಂಚೆಯಲ್ಲಿ ನಮ್ಮ ದೇಶಕ್ಕೆ ಸಂಬಂಧ ಇರೋ ಕವರ್ ಸಿಗುತ್ತಾ ಶಾನಭಾಗರೇ? ನನ್ನ ಬಜೆಟ್ ಕಮ್ಮಿ, ಆಸೆ ಜಾಸ್ತಿ.

ಸೇಲಂ_ಶಾನಭಾಗ
ಯಾಕಿಲ್ಲ, ನಾನಿರೋ ಊರಿನ ಶ್ರೀಮಂತಿಕೆಯೇ ಆ ಕಡೆ ವ್ಯಾಪಾರದಿಂದ ಬಂದದ್ದು. ಸೇಲಂ, ಬಾಸ್ಟನ್‌ನಿಂದ ಕಲ್ಕತ್ತಾಕ್ಕೆ ಹಡಗು ಹೋಗ್ತಿದ್ವು. ಐಸ್ ಕೂಡ! 1833ರಲ್ಲಿ ಫ್ರೆಡರಿಕ್ ಟ್ಯೂಡರ್ ‘ಟಸ್ಕನಿ’ ಅನ್ನೋ ಹಡಗಲ್ಲಿ ಬಾಸ್ಟನ್‌ನಿಂದ ಕಲ್ಕತ್ತಾಕ್ಕೆ ಐಸ್ ಕಳಿಸಿದ, ನಾಲ್ಕು ತಿಂಗಳ ದಾರಿ, ಅರ್ಧಕ್ಕಿಂತ ಹೆಚ್ಚು ಕರಗದೇ ಮುಟ್ಟಿತು. ವ್ಯಾಪಾರಿಗಳು, ಮಿಷನರಿಗಳು ಕಲ್ಕತ್ತಾ, ಮದ್ರಾಸ್, ಬೊಂಬಾಯಿಂದ ಬರೆದ ಕಾಗದಗಳ ಮೇಲೆ ಬಂದರಿನಲ್ಲಿ ‘ಶಿಪ್’ ಅಂತ ಠಸ್ಸೆ ಬೀಳ್ತಿತ್ತು. ಬಂದರೂರಲ್ಲೇ ಬಟವಾಡೆ ಆದ್ರೆ 6 ಸೆಂಟು, ಒಳನಾಡಿಗೆ ಹೋದ್ರೆ ಮಾಮೂಲಿ ದರದ ಮೇಲೆ 2 ಸೆಂಟು. ಹಾಗಾಗಿ ‘ಶಿಪ್’ ಜೊತೆ 20¾ ಅಂತ ಕಂಡ್ರೆ ಗಾಬರಿ ಆಗ್ಬೇಡಿ, 18¾ಗೆ 2 ಸೇರಿಸಿದ್ದಾರೆ.

ಮಲ್ನಾಡ್_ಮಾಣಿ
ಕನ್ನಡ ಅಕ್ಷರದ ಮುದ್ರೆ ಬೇಕು ಅಂದ್ರೆ ಮೈಸೂರು ಅಂಚೆನೇ ಗತಿ ಅನ್ನಿ.

ಪಿನ್‌ಕೋಡ್_560004
ಅದಕ್ಕೆ ಬೇರೆ ಎಳೆ ಶುರು ಮಾಡಿ, ನಾನು ಅಲ್ಲಿಗೆ ಓಡಿ ಬರ್ತೀನಿ. ಮೈಸೂರು ಅಂಚೆ 1889ರಲ್ಲಿ ಬ್ರಿಟಿಷರ ಅಂಚೆ ಜೊತೆ ಸೇರಿಹೋಯ್ತು, ಅದಕ್ಕಿಂತ ಹಿಂದಿನ ಕಾಗದ ಮನೆಯಲ್ಲಿದ್ರೆ ದಯವಿಟ್ಟು ರದ್ದಿಗೆ ಹಾಕ್ಬೇಡಿ. ಹಾಗೇ ಅಮೆರಿಕದಲ್ಲಿರೋ ಗೆಳೆಯರಿಗೆ ಪೋಸ್ಟ್ ಮಾಡೋಕೂ ಹೋಗ್ಬೇಡಿ. 1972ರ ಕಾಯ್ದೆ ಪ್ರಕಾರ ಪ್ರಾಚೀನ ವಸ್ತು ದೇಶದಿಂದ ಹೊರಗೆ ಕಳಿಸೋದು ಅಪರಾಧ.

ಓಹಾಯೋ_ರಂಗ
ಅಪ್‌ಡೇಟ್. ಇವತ್ತು ಹೋಗಿದ್ದೆ. ವ್ಯಾಪಾರಿಗೆ ಹ್ಯಾರಿಸನ್ ಸಾಲು ಓದಿ ತೋರಿಸ್ದೆ, ಬ್ಲೂಮಿಂಗ್ಟನ್ ವಿಷಯ ಹೇಳ್ದೆ. ಮೊದಲು ಮುಖ ಗಂಟು ಹಾಕ್ಕೊಂಡ, ಆಮೇಲೆ ಫೋನ್‌ನಲ್ಲಿ ತಾನೇ ಮಸ್ಕಟೀನ್ ಅಂತ ಹುಡುಕಿ ನಗೋಕೆ ಶುರು ಮಾಡ್ದ. ಹಿಂದಿನ ಪೆನ್ಸಿಲ್ ಬರಹ ನನ್ನೆದುರೇ ಅಳಿಸೋಕೆ ಹೋದ, ಬೇಡ ಅಂದೆ. 90ಕ್ಕೆ ಕೊಟ್ಟ.

ಸ್ಟ್ಯಾಂಪ್_ಶೆಟ್ಟಿ
60ಕ್ಕೆ ನಿಲ್ಲಿಸಬೇಕಿತ್ತು.

ಅಯೋವಾ_ಅತ್ತಿಗೆ
ಶೆಟ್ರಿಗೆ ಯಾವುದೂ ಕಮ್ಮಿ ಅನ್ಸಲ್ಲ. ರಂಗ, 1841ರ ಅಯೋವಾ, ಒಳಗೆ ಕಾಗದ ಪೂರ್ತಿ ಇದೆ, ಹ್ಯಾರಿಸನ್ ಉಲ್ಲೇಖ ಬೇರೆ. 90 ಒಳ್ಳೇ ರೇಟು.

ಧಾರವಾಡ_ದೇಸಾಯಿ
ಅಸಲಿ ಐತಿ ಅಂತ ಸರ್ಟಿಫಿಕೇಟ್ ಮಾಡಸ್ಬೇಕೇನ್ರೀ ಇದಕ್ಕ?

ಪಿನ್‌ಕೋಡ್_560004
90 ಡಾಲರ್ ಕವರ್‌ಗೆ ಬೇಡ, ಸರ್ಟಿಫಿಕೇಟ್ ಖರ್ಚೇ ಅದರ ದೊಡ್ಡ ಪಾಲು ತಿನ್ನುತ್ತೆ. ಸಾವಿರ ದಾಟಿದ್ರೆ ಮಾತ್ರ ನ್ಯೂಯಾರ್ಕ್‌ನ ಫಿಲಾಟೆಲಿಕ್ ಫೌಂಡೇಶನ್ನೋ, ಪೆನ್ಸಿಲ್ವೇನಿಯಾದ ಅಮೆರಿಕನ್ ಫಿಲಾಟೆಲಿಕ್ ಸೊಸೈಟಿಯೋ ನೋಡಿ.

ಮಂಗಳೂರು_ಮೋಂಟಿ
ಇಡುವುದು ಹೇಗೆ ಅಂತ ಯಾರೂ ಹೇಳ್ಲಿಲ್ಲ. ನಮ್ಮ ಕಡೆ ಮಳೆಗಾಲದಲ್ಲಿ ಕಾಗದ ಬೂಷ್ಟು ಹಿಡಿದು ಹೋಗ್ತದೆ. ಆಲ್ಬಮ್‌ನ ಪ್ಲಾಸ್ಟಿಕ್ ಜೇಬಲ್ಲಿ ಹಾಕಬಹುದಾ?

ಸೇಲಂ_ಶಾನಭಾಗ
ಮೂಗಿಗೆ ವಾಸನೆ ಹೊಡೆಯೋ ಮೆತ್ತನೆ ಪಿ.ವಿ.ಸಿ. ಜೇಬು ಬೇಡವೇ ಬೇಡ, ಕಾಗದಕ್ಕೆ ಅಂಟ್ಕೊಂಡು ಶಾಯಿ ಎಳ್ಕೊಳ್ಳುತ್ತೆ. ಪಾಲಿಯೆಸ್ಟರ್ ಹಾಳೆದು ಕೇಳಿ ತಗೊಳ್ಳಿ. ಸೆಲ್ಲೋಟೇಪ್ ಹತ್ರ ಕೂಡ ಸುಳೀಬಾರದು. ರಂಗ, ಮತ್ತೆ ಮತ್ತೆ ಬಿಚ್ಚಿ ಮಡಚಬೇಡಿ, ಒಂದು ಸಲ ಒಳ್ಳೇ ಸ್ಕ್ಯಾನ್ ಮಾಡಿ ಓದೋದೆಲ್ಲ ಅದರಲ್ಲೇ ಓದಿ.

ಮಂಗಳೂರು_ಮೋಂಟಿ
ಡಬ್ಬದೊಳಗೆ ಸಿಲಿಕಾ ಜೆಲ್ ಹಾಕಿದ್ರೆ ಸಾಕಾ?

ಸ್ಟ್ಯಾಂಪ್_ಶೆಟ್ಟಿ
ಸಾಕು. ಆದ್ರೆ ಆಟಿ ತಿಂಗಳಲ್ಲಿ ವಾರಕ್ಕೊಮ್ಮೆ ಬದಲಾಯಿಸ್ಬೇಕು. ನೀಲಿ ಮಣಿಯದ್ದು ತಗೊಳ್ಳಿ, ಗುಲಾಬಿ ಆದ ಕೂಡ್ಲೇ ಗೊತ್ತಾಗ್ತದೆ.